ಹೊಗೆಯೊಳಗಿನ ಹೊಗೆ

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಹಳೆಯ ಫ್ಯಾಕ್ಟರಿಯ ವಾಟ್ಸಾಪ್ ಗುಂಪಿನಲ್ಲಿ ಮೇಡಂ ಫೋಟೋ ಬಂತು. ಯಾವುದೋ ಐಡಿ ಕಾರ್ಡಿನಿಂದ ತೆಗೆದದ್ದು. ಮೇಲಂಚಿನಲ್ಲಿ ಕ್ಲಿಪ್ಪಿನ ತೂತು ಹಾಗೇ ಇತ್ತು. ತೀರಿಕೊಂಡು ಆಗಲೇ ಹನ್ನೊಂದು ದಿನವಾಗಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಆಗ ನಮ್ಮ ಮ್ಯಾನೇಜರ್ ಆಗಿದ್ದವರು "ನಮ್ಮ ಕಂಪನಿ ಕಂಡ ಅತ್ಯುತ್ತಮ ಮೂಗು" ಎಂದು ಬರೆದರು. ಅದರ ಕೆಳಗೆ ಇನ್ನಷ್ಟು ಜನ ಹೌದು ಹೌದು ಎಂದರು. ಓದಿ ನನಗೆ ಮೈಯೆಲ್ಲ ಉರಿಯಿತು. ಆ ಉರಿ ಮ್ಯಾನೇಜರ್ ಮೇಲಿನದಲ್ಲ ಎಂದು ಒಪ್ಪಿಕೊಳ್ಳುವಷ್ಟರಲ್ಲಿ ಸಂಜೆಯಾಯಿತು. ನಾನೂ ಒಂದು ಸಾಲು ಬರೆಯಲು ಹೋಗಿ ಮೂರು ಸಲ ಅಳಿಸಿದೆ. ಒಂದು ಸಾಲಿಗೆ ಮುಗಿಯುವ ಮಾತಲ್ಲ ಅದು.

ವಿಸ್ಕಿ ತಯಾರಿಸುವ ಕಾರ್ಖಾನೆಯಲ್ಲಿ ಎಷ್ಟೇ ಯಂತ್ರಗಳಿರಲಿ, ಕೊನೆಗೆ ಒಬ್ಬ ಮನುಷ್ಯ ಮೂಸಿ ನೋಡಿ ಹೇಳಬೇಕು. ಯಾವ ಪೀಪಾಯಿ ಹದಕ್ಕೆ ಬಂದಿದೆ, ಯಾವುದು ಇನ್ನೊಂದು ವರ್ಷ ಕತ್ತಲಲ್ಲಿ ಮಲಗಬೇಕು, ಯಾವುದನ್ನು ಯಾವುದರ ಜೊತೆ ಬೆರೆಸಬಹುದು. ಪೀಣ್ಯ ದಾಟಿ ತುಮಕೂರು ರಸ್ತೆಯಿಂದ ಒಳಕ್ಕಿದ್ದ ನಮ್ಮ ಕಾರ್ಖಾನೆಯಲ್ಲಿ ಆ ಮಾತು ಹೇಳುತ್ತಿದ್ದವರು ಮೇಡಂ. ನಾನು ಎಂ.ಎಸ್ಸಿ. ಮುಗಿಸಿ ಅವರ ಕೈಕೆಳಗೆ ಕೆಮಿಸ್ಟ್ ಆಗಿ ಸೇರಿದೆ. ಮನೆಯಲ್ಲಿ ಮಾತ್ರ ಔಷಧದ ಕಂಪನಿ ಎಂದು ಹೇಳಿದ್ದೆ. ಅಮ್ಮ ನೆಗಡಿಯಾದಾಗಲೆಲ್ಲ ನಿಮ್ಮ ಕಂಪನಿ ಮಾತ್ರೆ ತಂದುಕೊಡೋ ಎನ್ನುತ್ತಿದ್ದಳು.

ಮೇಡಂ ಐದಡಿಯೂ ಇರಲಿಲ್ಲ. ಪಿಸ್ತಾ ಬಣ್ಣದ ಕೋಟಿನ ಒಳಗೆ ಸದಾ ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ. ತಲೆಗೆ ಎಣ್ಣೆ ಇಲ್ಲ, ಮುಖಕ್ಕೆ ಪೌಡರ್ ಇಲ್ಲ, ಸ್ನಾನಕ್ಕೆ ಸೋಪಿನ ಬದಲು ಕಡಲೆಹಿಟ್ಟು. ಹೂವಂತೂ ದೂರದ ಮಾತು. ದಾಸರಹಳ್ಳಿಯ ಅವರ ಬೀದಿಯಲ್ಲಿ ಗಂಡ ಗಟ್ಟಿಮುಟ್ಟಾಗಿದ್ದೂ ಈಕೆ ಯಾಕೆ ಹೂ ಮುಡಿಯುವುದಿಲ್ಲ ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರಂತೆ. ಅದನ್ನು ಅವರೇ ನಗುತ್ತಾ ಹೇಳುತ್ತಿದ್ದರು. "ನಾನು ಮಲ್ಲಿಗೆ ಮುಡ್ಕೊಂಡು ಬಂದ್ರೆ ಆ ತಿಂಗಳ ವಿಸ್ಕಿ ಎಲ್ಲ ಮಲ್ಲಿಗೆ ವಾಸನೆ ಅಂತ ಬರೀಬೇಕಾಗುತ್ತೆ ಕಣ್ರೀ" ಎನ್ನುತ್ತಿದ್ದರು. ಗೌರಿ ಹಬ್ಬದ ದಿನ ಅವರು ಹೂವನ್ನು ಕೈಯಲ್ಲಿ ತಂದು ನಮ್ಮ ಆಫೀಸಿನ ಹುಡುಗಿಯರಿಗೆ ಹಂಚಿ, ಕೈ ತೊಳೆದುಕೊಂಡು, ಮತ್ತೆ ತೊಳೆದುಕೊಂಡು, ಒಳಗೆ ಹೋಗುತ್ತಿದ್ದರು. ಹೂವಿನ ಆಸೆ ಇಲ್ಲದವರು ಅಷ್ಟು ಚೆನ್ನಾಗಿರುವ ದಂಡೆ ಆರಿಸಿ ತರುವುದಿಲ್ಲ ಎಂದು ನನಗೆ ಆಗಲೇ ಅನ್ನಿಸಿತ್ತು.

ಕಂಪನಿಯ ವ್ಯಾನು ಬೆಳಿಗ್ಗೆ ಪೀಣ್ಯದ ಒಳಗಿನಿಂದ ಸುತ್ತಿಕೊಂಡು ಬರುತ್ತಿತ್ತು. ಮೇಡಂ ಕಿಟಕಿಯ ಪಕ್ಕ ಕಣ್ಣು ಮುಚ್ಚಿ ಕೂತು, ಹಾದುಹೋಗುವ ಶೆಡ್ಡುಗಳ ವಾಸನೆ ಹಿಡಿದು "ಪ್ಲೇಟಿಂಗು" ಎನ್ನುವರು. ಸ್ವಲ್ಪ ಹೊತ್ತಿಗೆ "ರಬ್ಬರು", ಆಮೇಲೆ "ಲೇತು, ಕೂಲೆಂಟ್ ಬದಲಾಯಿಸಿಲ್ಲ". ಕಣ್ಣು ಬಿಡದೆಯೇ "ಹಾಂ, ಬೇಕರಿ, ಇಳೀರಿ ಬನ್ನು ತಗೊಳ್ಳೋರು" ಎಂದಾಗ ವ್ಯಾನು ಸರಿಯಾಗಿ ಬೇಕರಿ ಮುಂದೆ ನಿಂತಿರುತ್ತಿತ್ತು. ಕ್ಯಾಂಟೀನಿನ ಭಟ್ಟರಿಗೆ ಇವರೆಂದರೆ ನಡುಕ. ಬೇಳೆ ತಳ ಹಿಡಿದರೆ ಲ್ಯಾಬಿನಿಂದಲೇ ಫೋನು ಹೋಗುತ್ತಿತ್ತು.

ಕೆಲಸದ ಹೊತ್ತು ಮಾತ್ರ ಆ ತಮಾಷೆ ಇರುತ್ತಿರಲಿಲ್ಲ. ಬೆಳಿಗ್ಗೆ ಹತ್ತೂವರೆಗೆ, ಹೊಟ್ಟೆ ತುಂಬಿಯೂ ಇರಬಾರದು ಹಸಿದೂ ಇರಬಾರದು ಎನ್ನುವ ಹೊತ್ತಿನಲ್ಲಿ, ಬಿಳಿ ಗೋಡೆಯ ಆ ಕೋಣೆಗೆ ನಾವು ನಾಲ್ವರು ಹೋಗುತ್ತಿದ್ದೆವು. ಒಳಗೆ ಯಾರೂ ಮಾತಾಡುವ ಹಾಗಿಲ್ಲ. ಒಬ್ಬರ ಮುಖವನ್ನು ಇನ್ನೊಬ್ಬರು ನೋಡುವ ಹಾಗಿಲ್ಲ. ನಾಲ್ಕೈದು ಗ್ಲಾಸು ಮೂಸಿ ಮೂಗು ದಣಿದಾಗ ಮೇಡಂ ಕೋಟಿನ ತೋಳು ಮೇಲೆ ಸರಿಸಿ, ಮೊಣಕೈಯ ಒಳಮಡಿಕೆಯಲ್ಲಿ ಮುಖ ಇಟ್ಟು ನಾಲ್ಕು ಸಲ ಉಸಿರಾಡುತ್ತಿದ್ದರು. ನಮ್ಮ ಮೈಯ ವಾಸನೆ ಮೂಗಿಗೆ ಮನೆ ಇದ್ದ ಹಾಗೆ, ಅಲ್ಲಿಗೆ ಹೋಗಿ ಬಂದರೆ ಮತ್ತೆ ಹೊಸದಾಗಿ ಹೊರಡಬಹುದು ಎಂದು ನಮಗೂ ಅದನ್ನೇ ಕಲಿಸಿದರು.

ಒಮ್ಮೆ ಮಾಲೀಕರು ಸ್ಕಾಟ್ಲೆಂಡಿನಿಂದ ಒಂದು ಬಾಟಲಿ ತಂದುಕೊಟ್ಟರು. ಅಲ್ಲಿಯ ಯಾವುದೋ ದ್ವೀಪದ ಸಿಂಗಲ್ ಮಾಲ್ಟ್. ಆ ಕಡೆ ಜೌಗಿನಲ್ಲಿ ಹುಲ್ಲು, ಬೇರು ಕೊಳೆತು ಮಣ್ಣಾದದ್ದನ್ನು ಕಡಿದು ಒಣಗಿಸಿ ಉರಿಸುತ್ತಾರೆ; ಅದಕ್ಕೆ ಪೀಟ್ ಎನ್ನುತ್ತಾರೆ. ಅದರ ಹೊಗೆಯಲ್ಲಿ ಬಾರ್ಲಿಯನ್ನು ಒಣಗಿಸಿ ಮಾಡಿದ ವಿಸ್ಕಿ ಅದು. ಆಮೇಲೆ, ಸ್ಪೇನ್ ದೇಶದ ಶೆರ್ರಿ ಎಂಬ ಸಿಹಿ ದ್ರಾಕ್ಷಾರಸ ತುಂಬಿಟ್ಟಿದ್ದ ಪೀಪಾಯಿಗಳಲ್ಲಿ ಹಲವು ವರ್ಷ ಮಾಗಿಸಿದ್ದು. ನಾವೂ ಅಂಥದ್ದೊಂದು ಮಾಡಬೇಕು ಎಂಬುದು ಮಾಲೀಕರ ಆಸೆ. ಮೇಡಂ ನನ್ನನ್ನು ಎದುರು ಕೂರಿಸಿಕೊಂಡು ಒಂದು ಗ್ಲಾಸಿಗೆ ತಳ ಮುಚ್ಚುವಷ್ಟು ಹಾಕಿದರು.

"ಮೂಗಿನ ಹತ್ರ ತರಬೇಡಿ. ಗದ್ದದ ಹತ್ರ ಹಿಡೀರಿ. ಬಾಯಿ ಸ್ವಲ್ಪ ತೆಗೀರಿ. ಮೂಸಬೇಡಿ, ಸುಮ್ನೆ ಉಸಿರಾಡಿ. ಏನ್ ಬಂತು?"

ನಾನು ಪುಸ್ತಕದಲ್ಲಿ ಓದಿಕೊಂಡಿದ್ದನ್ನು ಒಪ್ಪಿಸಿದೆ. ಸಮುದ್ರದ ಪಾಚಿ, ಹೀದರ್ ಹೂವು.

"ಹೀದರ್ ಹೂವು ನೋಡಿದ್ದೀರಾ?"

"ಇಲ್ಲ ಮೇಡಂ."

"ಪಾಚಿ?"

"ಕೆರೆಯದ್ದು ನೋಡಿದ್ದೀನಿ."

"ಮತ್ತೆ ನೋಡದೆ ಇರೋದು ನಿಮ್ಮ ಮೂಗಿಗೆ ಹೆಂಗ್ರೀ ಬಂತು? ನಿಮ್ಮದು ಹೇಳಿ."

ಮತ್ತೆ ಉಸಿರಾಡಿದೆ. ಚಿಕ್ಕಂದಿನಲ್ಲಿ ಮೊಣಕಾಲು ಒಡೆದುಕೊಂಡು ಹೋಗಿದ್ದ ಸರ್ಕಾರಿ ಆಸ್ಪತ್ರೆಯ ಡ್ರೆಸ್ಸಿಂಗ್ ರೂಮು ಎದುರಿಗೆ ಬಂದು ನಿಂತಿತು. ಹೇಳಲು ನಾಚಿಕೆಯಾದರೂ ಹೇಳಿದೆ. ಮೇಡಂ ಮುಖ ಅರಳಿತು. "ಟಿಂಕ್ಚರ್! ಅದೇ ಪೀಟು. ಇನ್ನೂ ಒಳಗೆ ಹೋಗಿ" ಎಂದರು. ಒದ್ದೆ ಸೌದೆ ಉರಿಯದೆ ಹೊಗೆಯಾಡಿದ ಬಚ್ಚಲ ಒಲೆ, ಆಗಷ್ಟೇ ಹಾಕಿದ ಡಾಂಬರು. ಅವರು ಗ್ಲಾಸಿಗೆ ನಾಲ್ಕು ಹನಿ ನೀರು ಬಿಟ್ಟು ಆಡಿಸಿದರು. ಹೊಗೆ ಸ್ವಲ್ಪ ಬದಿಗೆ ಸರಿದಂತಾಗಿ ಒಣದ್ರಾಕ್ಷಿ ಬಂತು, ಪಾಕ ಒಂದೆಳೆ ಮೀರಿದ ಬೆಲ್ಲ ಬಂತು, ಕೊನೆಗೆ ಅಂಟಿನುಂಡೆ. ಬಾಯಿಗೆ ಹಾಕಿಕೊಂಡಾಗ ಮೊದಲು ಸಿಹಿ, ಆಮೇಲೆ ಕಾಳುಮೆಣಸಿನ ಚುರುಕು. ಉಗಿದ ಮೇಲೆ ಹೊಗೆ ಗಂಟಲ ಹಿಂದಿನಿಂದ ಮತ್ತೆ ಮೂಗಿಗೆ ಏರಿತು. ನನಗೆ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಘಾಟಿಗಲ್ಲ, ಸಂತೋಷಕ್ಕೆ.

"ಮೂಗು ಏನು ಹೇಳುತ್ತೋ ಅದನ್ನ ಮೊದಲು ಬರೀರಿ. ತಲೆ ಆಮೇಲೆ ಓಡಿಸಿ" ಎಂದರು. ಬಾಟಲಿಯ ಬಿರಡೆ ಹಾಕುತ್ತಾ, "ಈ ಹೊಗೆ ಇರೋದ್ರಲ್ಲಿ ಹುಷಾರಾಗಿರ್ಬೇಕು. ಅದರ ಹಿಂದೆ ಏನ್ ಬೇಕಾದ್ರೂ ಅವಿತ್ಕೊಂಡ್ಬಿಡುತ್ತೆ" ಎಂದರು.

ಈ ಕೆಲಸಕ್ಕೆ ಬರುವ ಮೊದಲು ಮೇಡಂ ಹದಿನಾಲ್ಕು ವರ್ಷ ಊದುಬತ್ತಿ ಕಂಪನಿಯೊಂದರಲ್ಲಿ ಇದ್ದರು. ಅಲ್ಲಿ ಅವರಿಗೆ ಕಲಿಸಿದ ಹಿರಿಯರೊಬ್ಬರಿಗೆ ಕೊನೆಕೊನೆಗೆ ಎಲ್ಲದರಲ್ಲೂ ಸುಟ್ಟ ವಾಸನೆ ಬರಲು ಶುರುವಾಯಿತಂತೆ. ಗುಲಾಬಿಯಲ್ಲೂ ಸುಟ್ಟ ವಾಸನೆ, ಕುಡಿಯುವ ನೀರಿನಲ್ಲೂ. ಆ ಕಥೆ ಹೇಳಿ ಮೇಡಂ, "ಮೂಗು ಹೋದ್ರೆ ಹೋಯ್ತು ಅಂತ ನಮಗೇ ಗೊತ್ತಾಗುತ್ತೆ. ಇಲ್ಲದೇ ಇರೋದು ಬರೋಕೆ ಶುರುವಾದ್ರೆ ಗೊತ್ತಾಗಲ್ಲ. ನಂಗಿರೋ ಭಯ ಅದೊಂದೇ" ಎಂದರು. ಅವರಿಗೆ ಆಗ ಐವತ್ತರ ಮೇಲಾಗಿತ್ತು.

ಮರುವರ್ಷ ಹೊಗೆ ಹಿಡಿಸಿದ ಬಾರ್ಲಿ ಸ್ಕಾಟ್ಲೆಂಡಿನಿಂದಲೇ ಬಂತು. ಸ್ಪೇನಿನಿಂದ ಶೆರ್ರಿಯ ಖಾಲಿ ಪೀಪಾಯಿಗಳೂ ಬಂದವು. ಕೆಲವಕ್ಕೆ ಹಲಗೆ ಸಡಿಲವಾಗಿತ್ತು. ಅವುಗಳ ಮೇಲ್ಮುಚ್ಚಳ ತೆಗೆದು ಹಿಂದಿನ ತಗಡಿನ ಶೆಡ್ಡಿನಲ್ಲಿ ರಿಪೇರಿಗೆ ಇಟ್ಟಿದ್ದೆವು. ಶೆಡ್ಡಿನ ಉಸ್ತುವಾರಿ ನನ್ನದು. ಅದೇ ಹೊತ್ತಿಗೆ ಮೇಡಂ ಮಗನ ಮದುವೆಗೆಂದು ಹದಿನೈದು ದಿನ ರಜೆ ಹಾಕಿದರು. ಎಲ್ಲ ಪೀಪಾಯಿಯನ್ನೂ ತುಂಬುವ ಮೊದಲು ಮೂಸಿ ಸಹಿ ಹಾಕುವ ಕೆಲಸವನ್ನು ಮೊದಲ ಸಲ ನನಗೊಬ್ಬನಿಗೇ ಒಪ್ಪಿಸಿ ಹೋದರು. ಹೆಮ್ಮೆಯಿಂದ ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಆ ನಡುವೆ ಆಯುಧಪೂಜೆ ಬಂತು. ಪೀಣ್ಯದಲ್ಲಿ ಆಯುಧಪೂಜೆ ಎಂದರೆ ಕೇಳಬೇಕೆ, ಪ್ರತಿ ಲೇತಿಗೂ ಬಾಳೆಕಂದು, ಪ್ರತಿ ಗೇಟಿನ ಮುಂದೂ ಒಡೆದ ಕುಂಬಳಕಾಯಿ. ನಮ್ಮಲ್ಲಿ ಮಾತ್ರ ಒಂದು ಕಟ್ಟುನಿಟ್ಟು. ಬಾಯ್ಲರ್ ಮನೆಯ ಮುಂದೆ ಬಿಟ್ಟರೆ ಬೇರೆಲ್ಲೂ ಬೆಂಕಿ ಕೂಡದು. ಬೆಂಕಿಕಡ್ಡಿ ಜೇಬಿನಲ್ಲಿಟ್ಟುಕೊಂಡು ಒಳಗೆ ಬಂದವನನ್ನು ಅವತ್ತೇ ಮನೆಗೆ ಕಳಿಸುತ್ತಿದ್ದರು. ಸ್ಪಿರಿಟ್ಟಿನ ಜಾಗ, ಆ ನಿಯಮದಲ್ಲಿ ತಪ್ಪೇನೂ ಇಲ್ಲ.

ಶೆಡ್ಡಿನಲ್ಲಿ ಪೀಪಾಯಿ ರಿಪೇರಿ ಮಾಡುತ್ತಿದ್ದವನು ಫಕೀರಪ್ಪ. ಗದಗಿನ ಕಡೆಯವನು, ದಾಸರಹಳ್ಳಿಯಲ್ಲಿ ಒಂದು ಕೋಣೆಯಲ್ಲಿ ಐದು ಜನ ಊರವರ ಜೊತೆ ಇದ್ದ. ಮೊದಲು ಮರದ ಪ್ಯಾಕಿಂಗ್ ಪೆಟ್ಟಿಗೆ ಮಾಡುತ್ತಿದ್ದವನ ಕೈ ಪೀಪಾಯಿಗೂ ಚೆನ್ನಾಗಿ ಕೂತಿತ್ತು. ಬಾಯ್ಲರ್ ಪೂಜೆ ನಡೆಯುತ್ತಿದ್ದಾಗ ಅವನು ಸಾಂಬ್ರಾಣಿಯ ಮಡಕೆಯನ್ನು, ಕೆಂಡದ ಸಮೇತ, ಹಿಂದಿನಿಂದ ಶೆಡ್ಡಿಗೆ ತಂದ. ತನ್ನ ಉಳಿ, ಬಾಚಿಗೂ ಧೂಪ ತೋರಿಸಬೇಕಲ್ಲ. ನಾನು ಬೈಯಬೇಕಿತ್ತು. ಹಬ್ಬದ ದಿನ ಎಂದು ಸುಮ್ಮನಾದೆ.

ಧೂಪ ತೋರಿಸಿ ಮುಗಿದ ಮೇಲೆ ಅವನು ಬಾಯಿ ತೆರೆದು ನಿಂತಿದ್ದ ಒಂದು ಪೀಪಾಯಿಯೊಳಗೆ ತಲೆ ಹಾಕಿ ನೋಡಿದ. "ಸಾಹೇಬ್ರ, ಇದು ಹುಳಿ ವಾಸ್ನಿ ಹೊಡ್ಯಾಕ ಹತ್ತೇತ್ರಿ. ನಮ್ಮವ್ವ ಮಸರಿನ ಗಡಿಗಿ ಹಿಂಗ್ ಹುಳಿ ಹಿಡದ್ರ ಹೊಗಿ ಕೊಡತಿದ್ಲು. ಇದಕ್ಕೂ ಒಂಚೂರು ಕೊಡ್ಲೇನ್ರಿ?"

ಮೊಸರಿನ ಗಡಿಗೆಗೆ ಹೊಗೆ ಕೊಡುವುದು ನಮ್ಮ ಮನೆಯಲ್ಲೂ ಇತ್ತು. ಅಜ್ಜಿ ತೊಳೆದ ಗಡಿಗೆಯನ್ನು ಕೆಂಡದ ಮೇಲೆ ಬೋರಲು ಹಾಕುತ್ತಿದ್ದಳು. ಆ ಹೊಗೆಯ ಮೊಸರಿನ ರುಚಿ ನನ್ನ ನಾಲಗೆಯ ಮೇಲೆ ಬಂದು ಕೂತಿತು. ಹೇಗಿದ್ದರೂ ಹೊಗೆಯ ವಿಸ್ಕಿಯನ್ನೇ ತುಂಬುವುದು, ಇದರಿಂದೇನು ಕೆಡುತ್ತದೆ ಎಂದುಕೊಂಡೆ. ನಾನು ಓದಿದ ಕೆಮಿಸ್ಟ್ರಿ, ಮೇಡಂ ಕಲಿಸಿದ್ದು, ಎರಡೂ ಆ ಹೊತ್ತಿಗೆ ನೆನಪಾಗಲಿಲ್ಲ. "ಕೊಡು ಮತ್ತೆ, ಬೇಗ" ಎಂದೆ. ಅಷ್ಟೇ ಅಲ್ಲ, ಪೀಪಾಯಿಯನ್ನು ಮಡಕೆಯ ಮೇಲೆ ಬೋರಲು ಹಾಕುವಾಗ ನಾನೂ ಒಂದು ಕೈ ಹಿಡಿದೆ. ಅತ್ತ ಮಂಗಳಾರತಿ ಮುಗಿಯುವವರೆಗೂ ಅದು ಹಾಗೇ ಇತ್ತು. ಆಮೇಲೆ ಅದಕ್ಕೆ ಮುಚ್ಚಳ ಕೂತಿತು, ಹದಿನೇಳು ಎಂಬ ನಂಬರ್ ಬಿತ್ತು. ವಾರದ ಮೇಲೆ ಮೂಸಿ ನೋಡಿ ಸರಿ ಇದೆ ಎಂದು ಸಹಿ ಹಾಕಿದವನೂ ನಾನೇ.

ಐದು ವರ್ಷ ಕಳೆಯಿತು. ನಮ್ಮ ಸೆಕೆಗೆ ಅಷ್ಟು ಸಾಕು, ಸ್ಕಾಟ್ಲೆಂಡಿನ ಚಳಿಯಲ್ಲಿ ಹನ್ನೆರಡು ವರ್ಷಕ್ಕೆ ಆಗುವ ಕೆಲಸ ಇಲ್ಲಿ ಐದಕ್ಕೆ ಆಗುತ್ತದೆ. ಹೊರದೇಶದ ಖರೀದಿದಾರರೊಬ್ಬರು ಆ ಸಾಲಿನ ಹನ್ನೆರಡು ಪೀಪಾಯಿಯನ್ನೂ ಒಟ್ಟಿಗೆ ಕೇಳಿದರು. ಬಿಳಿ ಗೋಡೆಯ ಕೋಣೆಯಲ್ಲಿ ಮೇಡಂ ಒಂದೊಂದೇ ಮೂಸುತ್ತಾ ಬಂದರು. ಮುಖದಲ್ಲಿ ಅಪರೂಪದ ಕಳೆ ಇತ್ತು. ಅವರ ಐದು ವರ್ಷದ ಕನಸು ಹದವಾಗಿ ಬಂದಿತ್ತು. ಹದಿನೇಳನೆಯದಕ್ಕೆ ಬಂದಾಗ ನಿಂತರು. ಮೊಣಕೈಯಲ್ಲಿ ಮುಖ ಇಟ್ಟು ಉಸಿರಾಡಿದರು. ಮತ್ತೆ ಗ್ಲಾಸು ಎತ್ತಿದರು, ನೀರು ಬಿಟ್ಟರು, ಬಾಯಿಗೆ ಹಾಕಿಕೊಂಡು ಉಗಿದರು. ರಿಜಿಸ್ಟರಿನಲ್ಲಿ ಒಂದು ಪದ ಬರೆದರು: ಸಾಂಬ್ರಾಣಿ.

ಆ ಪದ ನೋಡಿದೊಡನೆ ಶೆಡ್ಡಿನ ಆ ಮಡಕೆ ನೆನಪಾಯಿತು. ಗ್ಲಾಸು ತೆಗೆದುಕೊಂಡು ನಾನೂ ಹುಡುಕಿದೆ. ನಿಜ ಹೇಳಬೇಕೆಂದರೆ ನನಗೆ ಏನೂ ಸಿಗಲಿಲ್ಲ. ಪೀಟಿನ ಹೊಗೆ, ಒಣದ್ರಾಕ್ಷಿ, ಅಷ್ಟೇ. ಉಳಿದಿಬ್ಬರಿಗೂ ಸಿಗಲಿಲ್ಲ.

ಮ್ಯಾನೇಜರ್ ಬಂದರು. ಕೆಟ್ಟ ಮನುಷ್ಯರೇನಲ್ಲ; ತಲೆಯ ಮೇಲೆ ಹಡಗಿನ ದಿನಾಂಕ ಕೂತಿತ್ತು. ಒಂದರಲ್ಲಿ ಹೊರಗಿನ ವಾಸನೆ ಎಂದು ಬರೆದರೆ ಹನ್ನೆರಡನ್ನೂ ತಡೆದು ತನಿಖೆ ಮಾಡಬೇಕಿತ್ತು.

"ಮೇಡಂ, ಸಾಂಬ್ರಾಣಿ ಎಲ್ಲಿಂದ ಬರುತ್ತೆ? ನೀವು ಮೊದಲು ಊದುಬತ್ತಿ ಫೀಲ್ಡಲ್ಲಿ ಇದ್ರಲ್ಲ, ಆ ನೆನಪೇನೋ" ಎಂದರು.

"ಎಲ್ಲಿಂದ ಬಂತೋ ನಂಗೊತ್ತಿಲ್ಲ ಸಾರ್. ಇದೆ. ಹೊಗೆ ಹಿಂದೆ ಇನ್ನೊಂದು ಹೊಗೆ ಇದೆ" ಎಂದರು ಮೇಡಂ.

ಮ್ಯಾನೇಜರ್ ನನ್ನ ಕಡೆ ತಿರುಗಿದರು. "ಏನ್ರೀ, ಆಗ ಶೆಡ್ಡು ನೋಡ್ಕೊಳ್ತಿದ್ದೋರು ನೀವು. ಪೀಪಾಯಿ ಹತ್ರ ಯಾರಾದ್ರೂ ಧೂಪ ಗೀಪ ಹಾಕಿದ್ರಾ?"

ಮೇಡಂ ಕೂಡ ನನ್ನನ್ನೇ ನೋಡಿದರು. ಆ ನೋಟದಲ್ಲಿ ಅನುಮಾನ ಇರಲಿಲ್ಲ, ಆಸೆ ಇತ್ತು. ನಾನು ಹೌದು ಎಂದರೆ ಅವರು ಗೆದ್ದರು. ನಾನು ಹೌದು ಎಂದರೆ ಕೆಂಡ ಒಳಗೆ ಬಿಟ್ಟ ತಪ್ಪಿಗೆ ನನ್ನ ಕೆಲಸವೂ ಫಕೀರಪ್ಪನ ಕೆಲಸವೂ ಹೋಗುತ್ತದೆ. ಅವನಿಗೆ ಆಗ ಎರಡನೇ ಮಗು ಹುಟ್ಟಿತ್ತು. ಅವನ ಮಗುವನ್ನು ನೆಪ ಮಾಡಿಕೊಂಡು ನನ್ನನ್ನು ನಾನು ಕಾಪಾಡಿಕೊಂಡೆ.

"ಇಲ್ಲ ಸಾರ್. ಅಲ್ಲಿಗೆ ಬೆಂಕಿನೇ ಬಿಡಲ್ಲ ನಾವು" ಎಂದೆ.

ಮೇಡಂ ನನ್ನ ಮುಖವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗ್ಲಾಸನ್ನು ಮೂಗಿನ ಹತ್ತಿರ ಒಯ್ದು, ಅರ್ಧದಲ್ಲೇ ನಿಲ್ಲಿಸಿ, ಮೇಜಿನ ಮೇಲಿಟ್ಟರು. "ಹಾಗಾದ್ರೆ ಇಲ್ಲ" ಎಂದರು. ಸ್ಕೇಲು ತೆಗೆದುಕೊಂಡು, ತಾವೇ ಬರೆದ ಆ ಪದದ ಮೇಲೆ ನೇರವಾಗಿ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದರು. ಅವರು ಸಹಿಯನ್ನು ಅಷ್ಟು ನಿಧಾನವಾಗಿ ಹಾಕಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ಹನ್ನೆರಡು ಪೀಪಾಯಿಯೂ ಬೆರೆತು ಬಾಟಲಿಯಾಗಿ ಹಡಗು ಹತ್ತಿದವು. ಯಾವ ದೂರೂ ಬರಲಿಲ್ಲ. ಮೇಡಂ ಆ ತಿಂಗಳಲ್ಲೇ ರಾಜೀನಾಮೆ ಕೊಟ್ಟರು. ನಿವೃತ್ತಿಗೆ ಇನ್ನೂ ಎರಡು ವರ್ಷ ಇತ್ತು. ಯಾರೂ ಹೋಗಿ ಎಂದಿರಲಿಲ್ಲ. ಮ್ಯಾನೇಜರೇ ಬೇಡ ಎಂದು ಎರಡು ಸಲ ಹೇಳಿದರು. "ಇಲ್ಲದ್ದು ಬರೋಕೆ ಶುರುವಾಯ್ತು ಸಾರ್. ಇನ್ನು ನಾನು ಆ ಕುರ್ಚಿ ಮೇಲೆ ಕೂತ್ರೆ ತಪ್ಪಾಗುತ್ತೆ" ಎಂದುಬಿಟ್ಟರು. ಬೀಳ್ಕೊಡುಗೆಯ ದಿನ ಶಾಲು ಹೊದೆಸಿ ಮೈಸೂರುಪಾಕು ಹಂಚಿದರು. ಮೇಡಂ ನನ್ನ ಕೈ ಹಿಡಿದುಕೊಂಡು "ಇನ್ನು ನೀವೇ. ಮೂಗು ಚೆನ್ನಾಗಿ ನೋಡ್ಕೊಳ್ಳಿ" ಎಂದರು. ನಾನು ತಲೆಯಾಡಿಸಿದೆ. ಅವತ್ತು ಹೇಳಬಹುದಿತ್ತು. ಹೇಳಲಿಲ್ಲ.

ಒಂದೂವರೆ ವರ್ಷಕ್ಕೆ ಫಕೀರಪ್ಪ ಹುಬ್ಬಳ್ಳಿಯಲ್ಲಿ ಸ್ವಂತ ಅಂಗಡಿ ಹಾಕುತ್ತೇನೆಂದು ಹೊರಟುಹೋದ. ನನ್ನ ನೆಪದಲ್ಲಿ ಅರ್ಧ ಅವನ ಜೊತೆಗೇ ಹೋಯಿತು. ಉಳಿದರ್ಧವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಹತ್ತು ನಿಮಿಷದ ಹೊಗೆ ಐದು ವರ್ಷ ಉಳಿಯಲು ಸಾಧ್ಯವೇ, ನನಗೆ ವಾಸನೆ ಬರಲಿಲ್ಲವಲ್ಲ, ಮೇಡಂ ಮೂಗು ನಿಜವಾಗಿಯೂ ತಪ್ಪಿರಬಹುದಲ್ಲ ಎಂದುಕೊಳ್ಳುತ್ತಿದ್ದೆ. ಹೀಗೆ ಎಣಿಸುತ್ತಾ ನಾಲ್ಕು ವರ್ಷ ಕಳೆದೆ. ಅವರ ಕುರ್ಚಿಯ ಮೇಲೆ ಕೂತು, ಅವರು ಹೇಳಿಕೊಟ್ಟಂತೆ ಎಣ್ಣೆ ಬಿಟ್ಟೆ, ಸೋಪು ಬಿಟ್ಟೆ, ದಿನವೂ ಮೂಸಿದೆ. ಮೂಗು ಪಳಗಿತು.

ಪ್ರತಿ ಪೀಪಾಯಿಯಿಂದಲೂ ಒಂದು ಸಣ್ಣ ಸೀಸೆ ತೆಗೆದು ಕಪಾಟಿನಲ್ಲಿ ಇಡುವುದು ಪದ್ಧತಿ. ಒಂದು ಬೆಳಿಗ್ಗೆ ಹೊಸ ಪೀಪಾಯಿಗಳ ಜೊತೆ ಹೋಲಿಸಲೆಂದು ಆ ಹಳೆಯ ಹನ್ನೆರಡನ್ನೂ ಹೊರಗೆ ತೆಗೆದೆ. ಯಾವುದು ಯಾವುದೆಂದು ಗೊತ್ತಾಗದ ಹಾಗೆ ಗ್ಲಾಸುಗಳನ್ನು ಅಸಿಸ್ಟೆಂಟ್ ಜೋಡಿಸಿಟ್ಟಿದ್ದ. ಗದ್ದದ ಹತ್ತಿರ ಹಿಡಿದು ಉಸಿರಾಡುತ್ತಾ ಹೋದೆ. ಟಿಂಕ್ಚರ್, ಡಾಂಬರು, ದ್ರಾಕ್ಷಿ, ಬೆಲ್ಲ. ಒಂಬತ್ತನೆಯ ಗ್ಲಾಸಿನಲ್ಲಿ ಪೀಟಿನ ಹೊಗೆ ಸರಿಯುತ್ತಿದ್ದ ಹಾಗೇ ಅದರ ಹಿಂದಿನಿಂದ ಬೇರೊಂದು ಹೊಗೆ ಎದ್ದು ಬಂತು. ಸಿಹಿಯಾದ, ಮೆತ್ತಗಿನ, ಶುಕ್ರವಾರ ಸಂಜೆಯ ಹೊಗೆ. ಚೀಟಿ ತಿರುಗಿಸಿ ನೋಡುವ ಅಗತ್ಯವೇ ಇರಲಿಲ್ಲ. ಆದರೂ ನೋಡಿದೆ. ಹದಿನೇಳು.

ಅದೇ ಕಾಲಲ್ಲಿ ಮ್ಯಾನೇಜರ್ ಕೋಣೆಗೆ ಹೋಗಿ, ಕೆಂಡ ತಂದದ್ದು, ಪೀಪಾಯಿ ಬೋರಲು ಹಾಕಿದ್ದು, ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ. ಕೆಲಸ ಹೋಗುತ್ತದೆ ಎಂದು ತಯಾರಾಗಿಯೇ ಹೋಗಿದ್ದೆ. ಅವರು ಕನ್ನಡಕ ತೆಗೆದು ನಕ್ಕುಬಿಟ್ಟರು. "ಅದೆಲ್ಲ ಜನ ಕುಡಿದು ಮುಗಿಸಿ ಎಷ್ಟು ಕಾಲ ಆಯ್ತು ಮಾರಾಯ್ರೆ. ಹೋಗಿ, ಕೆಲಸ ನೋಡಿ" ಎಂದರು. ನಾನು ಯಾವ ಶಿಕ್ಷೆಗೆ ಹೆದರಿ ಮೇಡಂ ಬಾಯಿಂದ ಆ ಪದವನ್ನು ಕಿತ್ತುಕೊಂಡಿದ್ದೆನೋ ಆ ಶಿಕ್ಷೆ ಇಷ್ಟೇ ಆಗಿತ್ತು.

ಮಾರನೆಯ ದಿನ ರಜೆ ಹಾಕಿ ದಾಸರಹಳ್ಳಿಗೆ ಹೋದೆ. ಅಲ್ಲಿಗೆ ಮೆಟ್ರೋ ಬಂದು ಸ್ವಲ್ಪವೇ ಸಮಯವಾಗಿತ್ತು. ಅವರ ಎರಡನೇ ಮಹಡಿಯ ಮನೆಯ ಕಿಟಕಿಯ ಮಟ್ಟಕ್ಕೇ ರೈಲು ಹೋಗುತ್ತಿತ್ತು. ಬಾಗಿಲು ತೆಗೆದದ್ದು ಸೊಸೆ. ಮೇಡಂ ತೀರ ಸೊರಗಿಹೋಗಿದ್ದರು. ನನ್ನನ್ನು ಕಂಡು ಖುಷಿಯಾಗಿ ಕೈ ಹಿಡಿದು ಕೂರಿಸಿದರು, ಫ್ಯಾಕ್ಟರಿಯ ಒಬ್ಬೊಬ್ಬರನ್ನೂ ವಿಚಾರಿಸಿದರು. ಸೊಸೆ ಕಾಫಿಗೆಂದು ಒಳಗೆ ಹೋದಾಗ, "ಹಾಲು ಸರಿ ಇದ್ಯೇನಮ್ಮಾ, ನೋಡಿದ್ಯಾ?" ಎಂದು ಕೂಗಿ ಕೇಳಿದರು.

ಸೊಸೆ ಬಾಗಿಲಿಗೆ ಬಂದು ನಗುತ್ತಾ ನನಗೆ ಹೇಳಿದಳು: "ಅತ್ತೆ ಒಂದನ್ನೂ ತಾವು ನೋಡಲ್ಲ ಸಾರ್. ಹಾಲು ಕೆಟ್ಟಿದ್ಯಾ, ಸಾರು ಹಳಸಿದ್ಯಾ, ಗ್ಯಾಸ್ ಲೀಕ್ ಆಗ್ತಿದ್ಯಾ, ಎಲ್ಲ ನನ್ನನ್ನೇ ಕೇಳ್ತಾರೆ. ಅಷ್ಟು ದೊಡ್ಡ ಕೆಲಸದಲ್ಲಿ ಇದ್ದೋರು ಅಂದ್ರೆ ಯಾರೂ ನಂಬಲ್ಲ."

"ನನ್ನದನ್ನ ನಂಬೋ ಹಾಗಿಲ್ಲಮ್ಮ" ಎಂದರು ಮೇಡಂ. ದೂರುವ ದನಿಯಲ್ಲ, ಸಾಮಾನ್ಯವಾಗಿ.

ಬರುವಾಗ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಎಲ್ಲೋ ಹೋದವು. "ಮೇಡಂ, ಹದಿನೇಳರಲ್ಲಿ ಸಾಂಬ್ರಾಣಿ ಇತ್ತು. ಹಾಕಿಸಿದ್ದು ನಾನೇ" ಎಂದೆ. ಉಳಿದದ್ದನ್ನು ತಲೆ ತಗ್ಗಿಸಿಕೊಂಡೇ ಹೇಳಿದೆ. ಬೈಯುತ್ತಾರೆ ಎಂದು ಕಾದೆ.

"ಎಷ್ಟೊತ್ತು ಇಟ್ಟಿದ್ರಿ?"

"ಹತ್ತು ನಿಮಿಷ."

"ಮುಚ್ಚಳ ತೆಗೆದಿತ್ತಾ?"

"ಹೌದು."

"ಗಟ್ಟಿ ಸಾಂಬ್ರಾಣಿನಾ, ಅಂಗಡಿ ಪುಡಿನಾ?"

"ಪುಡಿ."

"ಅದಕ್ಕೇ" ಎಂದರು. "ಪುಡಿಗೆ ಬೇರೆ ಏನೇನೋ ಬೆರೆಸ್ತಾರೆ. ಕೊನೇಲಿ ಒಂಚೂರು ಸಕ್ಕರೆ ಸೀದಂಗೆ ಬರ್ತಿತ್ತು. ಅದು ಯಾಕೆ ಅಂತ ಇಷ್ಟು ವರ್ಷ ಯೋಚನೆ ಮಾಡಿದ್ದೀನಿ ನಾನು."

ಎದ್ದು ಅಡುಗೆಮನೆಗೆ ಹೋದರು. ಡಬ್ಬಿಗಳ ಮುಚ್ಚಳ ತೆಗೆಯುವ ಸದ್ದು ಬಂತು. ನಾನು ಕೂತಲ್ಲಿಂದ ಕಾಣುತ್ತಿದ್ದದ್ದು ಅವರ ಬೆನ್ನು ಮಾತ್ರ. ಕಣ್ಣು ಮುಚ್ಚಿಕೊಂಡಿದ್ದರು ಎಂದು ಆ ಕುತ್ತಿಗೆಯ ಬಾಗಿನಿಂದಲೇ ನನಗೆ ಗೊತ್ತಾಯಿತು. "ಮೆಂತ್ಯ" ಎಂದರು. "ಧನಿಯ, ಹಳೇದು." "ಇಂಗು." ಆಮೇಲೆ, "ಇದು ಸೋಂಪಿನ ಡಬ್ಬಿ ಅಲ್ವಾ? ಇದರಲ್ಲಿ ಜೀರಿಗೆ ಇದೆ" ಎಂದರು.

"ಹೌದತ್ತೆ, ಹೋದ ವಾರ ಡಬ್ಬಿ ಬದಲಾಯಿಸ್ದೆ. ಯಾಕತ್ತೆ, ಏನಾಯ್ತು?" ಎಂದಳು ಸೊಸೆ.

"ಏನಿಲ್ಲ. ಹಾಲಿನ ಪಾತ್ರೆ ಕೊಡಿಲ್ಲಿ."

ಹಾಲನ್ನೂ ನೋಡಿದರು. ಸರಿ ಇದೆ ಎಂದು ತಾವೇ ಒಲೆಯ ಮೇಲಿಟ್ಟರು. ಕಾಫಿ ತಾವೇ ಬೆರೆಸಿ, ಲೋಟವನ್ನು ತಂದು ನನ್ನ ಮುಂದೆ ಇಟ್ಟು, ಕೂರದೆ ನಿಂತುಕೊಂಡರು.

"ಮೇಡಂ, ನನ್ನಿಂದ ದೊಡ್ಡ ತಪ್ಪಾಯ್ತು" ಎಂದೆ.

"ಗ್ಲಾಸು ನನ್ನ ಕೈಯಲ್ಲೇ ಇತ್ತು ಕಣ್ರೀ" ಎಂದರು. ದನಿ ಏರಲಿಲ್ಲ. "ಇನ್ನೊಂದು ಸಲ ಮೂಸಿದ್ರೆ ಸಾಕಿತ್ತು. ಮೂಸ್ಲಿಲ್ಲ. ನೀವು ಸುಳ್ಳು ಹೇಳೋರಲ್ಲ ಅಂತ ಮೂಗನ್ನೇ ಸುಳ್ಳು ಮಾಡ್ಕೊಂಡೆ."

ಹೊರಗೆ ರೈಲೊಂದು ಹೋಯಿತು. ಅವರು ಒಳಗೆ ಹೋದರು. "ಕಾಫಿ ಆರುತ್ತೆ, ಕುಡೀರಿ" ಎಂಬ ಮಾತು ಅಡುಗೆಮನೆಯಿಂದ ಬಂತು. ನಾನು ಕುಡಿದೆ. ಲೋಟ ತೆಗೆದುಕೊಂಡು ಹೋಗಲು ಬಂದದ್ದು ಮೇಡಂ ಅಲ್ಲ, ಸೊಸೆ.